ಜೋಳದ ಹಿಟ್ಟು, ಟರ್ಪಾಲು, ತಿಂಗಳಿಗೆರಡು ಭಾನುವಾರ

ಮಕ್ಕಳನ್ನು ಕಟ್ಟಿಕೊಂಡು ಸೇವೆಗೆ ಹೋದರೆ ಪಿಕ್‌ನಿಕ್ ಆಗುತ್ತದೆ, ಅಷ್ಟೆ. ಹೀಗೆಂದವರೇ ಹೆಚ್ಚು, ಮೊದಲ ಮೂರು ತಿಂಗಳು ಅವರು ಹೇಳಿದ್ದೇ ನಿಜವೂ ಆಗಿತ್ತು. ಈಗ ಒಂದೂವರೆ ವರ್ಷ ದಾಟಿದೆ. ಮಂಗಳೂರಿನ ಕೂಳೂರು ಮತ್ತು ಪಡೀಲ್ ಕಡೆ ವಲಸೆ ಕಾರ್ಮಿಕರ ಎರಡು ಶೆಡ್ ಸಾಲುಗಳಲ್ಲಿ ನಾವು ಹದಿನಾಲ್ಕು ಮನೆಯವರು ಬಿಡದೆ ಈ ಸೇವೆ ಮಾಡುತ್ತಿದ್ದೇವೆ. ಮಂಗಳೂರಿನಲ್ಲಿ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ ಇಷ್ಟು ದಿನ ನಿಂತದ್ದು ನಮ್ಮ ಕಣ್ಣಿಗಂತೂ ಬಿದ್ದಿಲ್ಲ. ಇದನ್ನೇ ಮಾಡುತ್ತಿರುವವರಿಗಾಗಿ ಈ ಬರಹ. ಬಡತನ ಯಾಕೆ, ವಲಸೆ ಯಾಕೆ ಎಂಬುದು ಇಲ್ಲಿಲ್ಲ.

ಶೆಡ್‌ಗಳಲ್ಲಿ ಇರುವವರು ರಾಯಚೂರು, ಕೊಪ್ಪಳ, ಬಾಗಲಕೋಟೆ, ಗದಗದ ಕಡೆಯವರು. ಗಾರೆ ಕೆಲಸ, ಚರಂಡಿ ಅಗೆತ, ಸೆಂಟ್ರಿಂಗ್. ನಾವು ಶುರು ಮಾಡಿದ್ದು ಎಲ್ಲರಂತೆ ಕಿಟ್‌ನಿಂದ. ಐದು ಕೆಜಿ ಕುಚ್ಚಲಕ್ಕಿ, ಬೇಳೆ, ಅರ್ಧ ಲೀಟರ್ ತೆಂಗಿನೆಣ್ಣೆ, ಸಾಬೂನು, ಬಿಸ್ಕತ್ತು. ಕಿಟ್ಟೊಂದಕ್ಕೆ ಹತ್ತಿರ ಹತ್ತಿರ 700 ರೂಪಾಯಿ, ಮೂವತ್ತು ಕಿಟ್, 21 ಸಾವಿರ ಒಂದೇ ಸಂಜೆಗೆ ಹೋಯಿತು. ರೊಟ್ಟಿ ತಿನ್ನುವವರಿಗೆ ಕುಚ್ಚಲಕ್ಕಿ ಕೊಟ್ಟದ್ದು ಶುದ್ಧ ಬೆಪ್ಪುತನ. ಅದು ಬೇಯಲು ಮುಕ್ಕಾಲು ಗಂಟೆ ಬೇಕು, ಅಷ್ಟು ಸೌದೆ ಯಾರ ಹತ್ತಿರ ಇದೆ? ಮುಂದಿನ ವಾರ ಹೋದಾಗ ಅರ್ಧದಷ್ಟು ಅಕ್ಕಿ ಪಕ್ಕದ ಅಂಗಡಿಗೆ ಅರ್ಧ ಬೆಲೆಗೆ ಸೇರಿಯಾಗಿತ್ತು. ತೆಂಗಿನೆಣ್ಣೆಯೆಲ್ಲ ತಲೆಗೆ ಹೋಗಿತ್ತು. ಕೊಡಲೇಬೇಕಾದ ಹೊತ್ತಿನಲ್ಲಿ, ಅಂದರೆ ಮಳೆಗೆ ವಾರಗಟ್ಟಲೆ ಕೆಲಸ ನಿಂತಾಗ, ಈಗ ಕೊಡುವುದು ಜೋಳದ ಹಿಟ್ಟು, ಶೇಂಗಾ, ಒಣಮೆಣಸು, ಉಪ್ಪು ಇಷ್ಟೆ. ಉಳಿದ ದಿನಗಳಲ್ಲಿ ಕಿಟ್ ಮಾತೇ ಇಲ್ಲ.

ಎರಡನೇ ಸೋಲು ಜನ ಸೇರಿಸಿದ ರೀತಿಯಲ್ಲಿ. ‘ಬರುವವರೆಲ್ಲ ಬನ್ನಿ’ ಎಂದು ವಾಟ್ಸಾಪ್‌ನಲ್ಲಿ ಹಾಕಿದೆವು, 22 ಕುಟುಂಬ ಬಂದವು. ಮೂರನೇ ತಿಂಗಳಿಗೆ ಉಳಿದದ್ದು ಐದು. ಮಕ್ಕಳ ಪರೀಕ್ಷೆ, ನೆಂಟರ ಮದುವೆ, ಯಕ್ಷಗಾನ ಇತ್ಯಾದಿ ಕಾರಣಗಳು ಇದ್ದೇ ಇದ್ದವು. ನಿಜವಾದ ಕಾರಣ ಬೇರೆ: ಬಂದವರಿಗೆ ಕೈಯಲ್ಲಿ ಹಿಡಿಯಲು ಕೆಲಸವೇ ಇರಲಿಲ್ಲ. ಮೂವತ್ತು ಜನ ನಿಂತು ನೋಡುವುದು, ಶೆಡ್‌ನವರು ನಾಚಿಕೊಂಡು ಒಳಗೆ ಹೋಗುವುದು. ಆಮೇಲೆ ಒಂದು ಮನೆಗೆ ಒಂದು ಶೆಡ್ ಎಂದು ಹಂಚಿ ಆರು ತಿಂಗಳು ಅದೇ ಶೆಡ್ ಕೊಟ್ಟೆವು. ಎರಡನೇ ಮತ್ತು ನಾಲ್ಕನೇ ಭಾನುವಾರ, ಸಂಜೆ 4ರಿಂದ 6. ಆರು ಗಂಟೆಗೆ ಎದ್ದು ಬರಬೇಕು, ಕೆಲಸ ಅರ್ಧವಾಗಿದ್ದರೂ ಸರಿ. ಈ ಸಮಯ ಸಿಗಲು ನಾಲ್ಕೈದು ಭಾನುವಾರ ಹಾಳಾದವು. ಬೆಳಿಗ್ಗೆ ಬಟವಾಡೆ, ಸಂತೆ, ಬಟ್ಟೆ ಒಗೆತ, ತಲೆಸ್ನಾನ. ಆರರ ಮೇಲೆ ಒಲೆ ಹೊತ್ತಿಸುವ ಹೊತ್ತು. ನಡುವಿನ ಎರಡು ಗಂಟೆ ಮಾತ್ರ ಅವರದ್ದು. ಯುಗಾದಿ, ಮೊಹರಂಗೆ ಊರಿಗೆ ಹೋಗುತ್ತಾರೆ, ಹೊಲ ಇದ್ದವರು ಜೂನ್‌ನಲ್ಲಿ ಬಿತ್ತನೆಗೆ ಹೋಗುತ್ತಾರೆ. ಆಗ ಹೋಗಿ ಬಾಗಿಲು ನೋಡಿ ಬರಬೇಡಿ.

ನಿಜವಾಗಿ ಕೈಹಿಡಿದದ್ದು ಕಾಗದಪತ್ರದ ಕೆಲಸ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕ್ ಹುಟ್ಟಿದ ನೆಲ ಇದು. ನಿವೃತ್ತ ಬ್ಯಾಂಕಿನವರಿಲ್ಲದ ಬೀದಿಯೇ ಇಲ್ಲ, ಅವರು ನಿದ್ದೆಯಲ್ಲೂ ಫಾರಂ ತುಂಬುತ್ತಾರೆ. ಅಜ್ಜ ಫಾರಂ ಬರೆಯುವುದು, ಹೈಸ್ಕೂಲಿನ ಮೊಮ್ಮಗಳು ಫೋನ್‌ನಲ್ಲಿ ಪೋರ್ಟಲ್ ನೋಡುವುದು, ಸಣ್ಣವರು ಅಲ್ಲಿನ ಮಕ್ಕಳ ಜತೆ ಪುಸ್ತಕ ಹಿಡಿದು ಕೂರುವುದು. ಗಂಡ ಹೆಂಡತಿ ಮಾತ್ರ ಬಂದ ಮನೆಗಳಿಗಿಂತ ಅಜ್ಜ ಮೊಮ್ಮಗಳ ಜೋಡಿ ದುಪ್ಪಟ್ಟು ಕೆಲಸ ಮುಗಿಸಿದೆ.

ಇಲ್ಲಿ ಸರದಿ ತಪ್ಪಿದರೆ ಎಲ್ಲ ತಪ್ಪಿತು. ನಾವು ಮೊದಲು ಅಸಂಘಟಿತ ಕಾರ್ಮಿಕರ ನೋಂದಣಿ ಪೋರ್ಟಲ್ ಇ–ಶ್ರಮ್‌ಗೆ ಕೈ ಹಾಕಿ ಎರಡು ಭಾನುವಾರ ಕಳೆದುಕೊಂಡೆವು. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಆ ಸಿಮ್ ಬಿಸಾಡಿ ವರ್ಷವಾಗಿರುತ್ತದೆ. ಆದ್ದರಿಂದ ಮೊದಲ ಕೆಲಸ ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಿಸುವುದು. ಅದಕ್ಕೆ ದಾಖಲೆ ಏನೂ ಬೇಡ, ಆದರೆ ನಾವು ಮಾಡಿಸಿದಾಗ ಆಳೇ ಹೋಗಿ ಬೆರಳು ಕೊಡಬೇಕಿತ್ತು. ಬೆರಳೇ ದೊಡ್ಡ ತೊಂದರೆ: ಸಿಮೆಂಟ್ ಕಲಸಿದವರ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಹಿಂದಿನ ಎರಡು ರಾತ್ರಿ ಕೈಗೆ ತೆಂಗಿನೆಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಸಾಬೂನಿನಲ್ಲಿ ತೊಳೆದು ಒರೆಸಿಕೊಂಡು ಹೋದರೆ ಹತ್ತರಲ್ಲಿ ಏಳು ಜನರದ್ದು ಹಿಡಿಯುತ್ತದೆ. ಹೆಬ್ಬೆರಳು ಆಗದಿದ್ದರೆ ಉಂಗುರ ಬೆರಳು, ಕಿರುಬೆರಳು ಇಡಿಸಿ, ಅವು ಕಡಿಮೆ ಸವೆದಿರುತ್ತವೆ. ಕಿಟ್‌ನಲ್ಲಿ ವ್ಯರ್ಥವಾದ ತೆಂಗಿನೆಣ್ಣೆ ಇಲ್ಲಿ ಉಪಯೋಗಕ್ಕೆ ಬಂತು.

ನಂಬರ್ ಆದ ಮೇಲೆ ಪಡಿತರ. ಕಾರ್ಡ್ ಊರಿನದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಕೊಟ್ಟು ತೆಗೆಯಬಹುದು ಎಂಬುದು ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಇಲ್ಲ. ಆಮೇಲೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್: 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ. ಆ ದೃಢೀಕರಣಕ್ಕೆ ಮೇಸ್ತ್ರಿ ಸಹಿ ಹಾಕಲು ಹಿಂಜರಿಯುತ್ತಾನೆ, ನಾಳೆ ತನ್ನ ತಲೆಗೆ ಬರುತ್ತದೆಂದು. ಆ ಹಿಂಜರಿಕೆ ಬಿಡಿಸಲು ಒಂದು ಉಪಾಯ ಇದೆ, ಇಲ್ಲಿ ಬರೆದರೆ ಕೆಡುತ್ತದೆ. ಶೆಡ್‌ಗೆ ಬಂದು ನೋಡಿದವರಿಗೆ ಹೇಳುತ್ತೇವೆ.

ಹೆಸರಿನ ಕಾಗುಣಿತ ಬೇರೆ ಕಾಟ. ಆಧಾರ್‌ನಲ್ಲಿ ಯಲ್ಲಮ್ಮ, ಪಡಿತರ ಚೀಟಿಯಲ್ಲಿ ಎಲ್ಲವ್ವ. ಯಾವುದನ್ನು ತಿದ್ದಬೇಕು? ಮಗುವಿನ ಶಾಲೆ ದಾಖಲೆಯಲ್ಲಿ ತಾಯಿಯ ಹೆಸರು ಹೇಗಿದೆಯೋ ಅದಕ್ಕೆ ಉಳಿದವನ್ನು ಹೊಂದಿಸಿ. ಉಲ್ಟಾ ಮಾಡಿದರೆ ಮಕ್ಕಳ ದಾಖಲೆಯನ್ನೆಲ್ಲ ಮತ್ತೆ ತಿದ್ದಿಸಬೇಕು. ಜನನ ಪ್ರಮಾಣಪತ್ರಕ್ಕೆ ಮಂಗಳೂರಿನಲ್ಲಿ ಅರ್ಜಿ ಹಾಕಿದ್ದೂ ನಮ್ಮದೇ ತಪ್ಪು. ನೋಂದಣಿ ಹುಟ್ಟಿದ ಜಾಗದಲ್ಲಿ ಮಾತ್ರ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಂಥವನ್ನು ನಮ್ಮ ಪುಸ್ತಕದಲ್ಲಿ ಬೇರೆ ಪುಟಕ್ಕೆ ಹಾಕಿ, ಅವರು ಹಬ್ಬಕ್ಕೆ ಊರಿಗೆ ಹೋಗುವಾಗ ಅರ್ಜಿ ತುಂಬಿಸಿ ಕೈಗೆ ಕೊಟ್ಟು ಕಳಿಸುತ್ತೇವೆ.

ಶಾಲೆಗೆ ಸೇರಿಸುವಾಗ ಟಿಸಿ ಇಲ್ಲ, ವರ್ಷದ ನಡುವೆ ಬಂದಿದ್ದಾರೆ ಎಂಬ ಮಾತು ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5, 14, 15ನೇ ಸೆಕ್ಷನ್‌ಗಳನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿ ಇಟ್ಟುಕೊಂಡಿದ್ದೇವೆ. ಟಿಸಿ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಪ್ರವೇಶದ ಅವಧಿ ಮುಗಿಯಿತೆಂದಾಗಲಿ ಮಗುವನ್ನು ನಿರಾಕರಿಸುವಂತಿಲ್ಲ. ಆದರೆ ಆ ಹಾಳೆ ಕಿಸೆಯಲ್ಲೇ ಇರಲಿ, ಮೇಜಿನ ಮೇಲೆ ಎಸೆದರೆ ಕೆಲಸ ಕೆಟ್ಟಿತು. ಹಳೆ ಶಾಲೆಯ ಪ್ರಗತಿ ಪತ್ರದಿಂದ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯದ್ದು) ಬರೆದು ತಂದರೆ ಮುಖ್ಯ ಶಿಕ್ಷಕರ ಕೆಲಸ ಹಗುರ, ಮುಖವೂ ಅರಳುತ್ತದೆ. ಮಾತಾಡಬೇಕಾದ್ದು ತಾಯಿ, ನಾವಲ್ಲ.

ಸೇರಿಸಿದ ಮಕ್ಕಳು ಒಟ್ಟು 31, ಅದರಲ್ಲಿ ಎಂಟು ಮಕ್ಕಳು ಊರಿಗೆ ವಾಪಸ್. ಮೊದಲ ತಂಡದ ಹುಡುಗಿಯರು ಹದಿನೈದೇ ದಿನಕ್ಕೆ ಶಾಲೆ ಬಿಟ್ಟರು. ಕಾರಣ ಓದಲ್ಲ, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವವರಿಲ್ಲ. ಈಗ ಮೊದಲು ಚಿಕ್ಕದನ್ನು ಅಂಗನವಾಡಿಗೆ, ವಾರದ ನಂತರ ಅಕ್ಕನನ್ನು ಶಾಲೆಗೆ. ಮೂರು ವರ್ಷಕ್ಕಿಂತ ಸಣ್ಣ ಮಗು ಇರುವ ಮನೆಗೆ ನಮಗಿನ್ನೂ ದಾರಿ ಸಿಕ್ಕಿಲ್ಲ.

ಟರ್ಪಾಲಿನ ವಿಷಯ ಸ್ವಲ್ಪ ಉದ್ದ. ಕರಾವಳಿಯ ಮಳೆಗೆ 90 ಜಿಎಸ್‌ಎಂನ (ಚದರ ಮೀಟರಿಗೆ 90 ಗ್ರಾಂ ತೂಗುವ) ನೀಲಿ ಹಾಳೆ ಒಂದು ಆಟಿಯನ್ನೂ, ಅಂದರೆ ತುಳುವರ ಮಳೆ ತಿಂಗಳನ್ನೂ, ದಾಟಿಸುವುದಿಲ್ಲ. 500 ರೂಪಾಯಿಯದ್ದು ಎಂದು ಹನ್ನೆರಡು ತಂದೆವು, ಜುಲೈ ಕೊನೆಗೆ ಒಂಬತ್ತು ಚಿಂದಿ. 200 ಜಿಎಸ್‌ಎಂಗಿಂತ ಮೇಲಿನದ್ದೇ ಬೇಕು, 15×18 ಅಡಿಯದ್ದಕ್ಕೆ ಸುಮಾರು 1,400. ಮೇ ಮೊದಲ ವಾರದಲ್ಲೇ ತನ್ನಿ, ಮಳೆ ಹಿಡಿದ ಮೇಲೆ ರೇಟು ಏರುತ್ತದೆ. ಅಳತೆ ಯಾಕೆ ಹೀಗೆಂದರೆ: ಶೆಡ್ ಅಗಲ 10 ಅಡಿ, ಉದ್ದ 12. ನಡುವಿನ ನೆತ್ತಿ ಬಿದಿರು ಪಕ್ಕದ ಅಡ್ಡ ಬಿದಿರಿಗಿಂತ 3 ಅಡಿ ಎತ್ತರ ಇದ್ದರೆ ಎರಡೂ ಇಳಿಜಾರು ಸೇರಿ ಹನ್ನೆರಡು ಅಡಿ ಹತ್ತಿರ, ಎರಡೂ ಕಡೆ ಒಂದೂವರೆ ಅಡಿ ಇಳಿಬಿಟ್ಟರೆ 15. ಉದ್ದದಲ್ಲಿ ಎರಡು ತುದಿಗೂ 3 ಅಡಿ. ನೆತ್ತಿ 2 ಅಡಿಗೆ ಇಳಿಸಿದರೆ ನೀರು ನಿಂತು ಹಾಳೆ ಹೊಟ್ಟೆ ಬಿಡುತ್ತದೆ, ಒಂದೇ ರಾತ್ರಿಗೆ ಅಡ್ಡ ಬಿದಿರನ್ನೂ ಎಳೆದು ಕೆಡವುತ್ತದೆ.

ಹಾಳೆಯ ಕೆಳಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ), ಒಂದೂವರೆ ಅಡಿಗೊಂದು. ದಬ್ಬೆಯ ಅಂಚು ಚೂರಿಯ ಹಾಗೆ, ಹಳೆ ಸೈಕಲ್ ಟ್ಯೂಬನ್ನು ಸೀಳಿ ಸುತ್ತದಿದ್ದರೆ ಗಾಳಿಗೆ ಉಜ್ಜಿ ಉಜ್ಜಿ ಹಾಳೆ ಕೊಯ್ಯುತ್ತದೆ. ಹಾಳೆಯ ಲೋಹದ ಕಣ್ಣುಗಳಿಗೆ ಹಗ್ಗ ಕಟ್ಟಬೇಡಿ, ಮೊದಲು ಹರಿಯುವುದೇ ಅಲ್ಲಿ. ನೆಲ್ಲಿಕಾಯಿ ಗಾತ್ರದ ನುಣುಪು ಕಲ್ಲನ್ನು ಹಾಳೆಯೊಳಗೆ ಮುದ್ದೆ ಮಾಡಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಕಲ್ಲು ಹೆಕ್ಕಿ ತರುವುದು ಮಕ್ಕಳ ಕೆಲಸ, ಮೂಲೆಯವೇನಾದರೂ ಜಾರಿದರೆ ಪತ್ತೆ ಮಾಡುವುದೂ ಅವರೇ. ಸುತ್ತ ಒಂದು ಗೇಣು ಆಳದ ತೋಡು ತಗ್ಗಿನ ಕಡೆಗೆ. ಹೊಗೆ ಹೋಗಲು ಒಂದು ತುದಿ ತೆರೆದಿರಲಿ. ಎರಡು ಶೆಡ್‌ನಲ್ಲಿ ಪೂರ್ತಿ ಮುಚ್ಚಿ ಬಂದಿದ್ದೆವು, ಮರುದಿನ ಅವರೇ ಕತ್ತರಿಸಿ ಕಿಂಡಿ ಮಾಡಿಕೊಂಡಿದ್ದರು.

ನಡುವೆ ಒಂದು ಪ್ರಯೋಗ. ಮಲೇರಿಯಾದ ಸೊಳ್ಳೆ ನಮ್ಮ ಊರಲ್ಲಿ ಕಟ್ಟಡದ ಶುದ್ಧ ನೀರಿನ ಟ್ಯಾಂಕಿಯಲ್ಲೇ ಮೊಟ್ಟೆ ಇಡುತ್ತದಲ್ಲ, ಗಪ್ಪಿ ಮೀನು ಬಿಟ್ಟು ನೋಡೋಣ ಎಂದು ಆರು ಡ್ರಮ್ಮಿಗೆ ಹಾಕಿದೆವು. ಕರಣೆ, ಬಾಂಡ್ಲಿ ತೊಳೆಯುವ ನಾಲ್ಕು ಡ್ರಮ್ಮಿನಲ್ಲಿ ವಾರದೊಳಗೆ ಎಲ್ಲ ಸತ್ತವು, ಸಿಮೆಂಟಿನ ಕ್ಷಾರವೇ ಇರಬೇಕು. ಕುಡಿಯುವ ನೀರಿನ ಎರಡರಲ್ಲಿ ಬದುಕಿದವು, ಆದರೆ ಹೆಂಗಸರಿಗೆ ಹೇಸಿಗೆ. ಈಗ ಡ್ರಮ್ಮಿಗೆ ಬಟ್ಟೆ ಬಿಗಿಯುವುದು, ವಾರಕ್ಕೊಮ್ಮೆ ಬರಿದು ಮಾಡಿ ತೆಂಗಿನ ನಾರಿನಲ್ಲಿ ಒಳಗೋಡೆ ತಿಕ್ಕುವುದು. ನಾವಿಲ್ಲದ ಭಾನುವಾರ ಶೆಡ್‌ನ ಮಕ್ಕಳೇ ತಿಕ್ಕುತ್ತಾರೆ.

ಹಣ: ಮನೆಗೆ ತಿಂಗಳಿಗೆ 300, ಒಟ್ಟು 4,200. ಇದಕ್ಕಿಂತ ಹೆಚ್ಚು ಕೊಡಲು ಬಂದವರ ಹತ್ತಿರ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಟ್ಟವರು ಬರುವುದು ನಿಲ್ಲಿಸುತ್ತಾರೆ. ಫೋಟೊ, ಜೆರಾಕ್ಸ್‌ಗೆ ಸಾವಿರದ ಒಳಗೆ, ಆಟೋಗೆ ಸಾವಿರದ ಮೇಲೆ, ಉಳಿದದ್ದು ಟರ್ಪಾಲಿನ ಡಬ್ಬಿಗೆ. ಲೆಕ್ಕಕ್ಕೆ ಬಾರದ ಖರ್ಚು ಅವರದ್ದು: ಆಧಾರ್‌ಗೆ ಒಂದು ದಿನ ಹೋದರೆ 700–800 ಕೂಲಿ ಹೋಯಿತು. ಅದಕ್ಕೇ ಒಬ್ಬೊಬ್ಬರನ್ನು ಕರೆದೊಯ್ಯುವುದು ಬಿಟ್ಟು ನಲವತ್ತು ಹೆಸರು ಪಟ್ಟಿ ಮಾಡಿ ಅಂಚೆ ಕಚೇರಿಯವರಲ್ಲಿ ಶಿಬಿರ ಕೇಳಿದೆವು. ಎರಡು ಸಲ ಬಂದರು, ಅರುವತ್ತು ಚಿಲ್ಲರೆ ಜನರ ನಂಬರ್ ಸರಿಯಾಯಿತು.

ಫೋಟೊ ತೆಗೆಯುವಂತಿಲ್ಲ, ಹುಟ್ಟುಹಬ್ಬದ ಕೇಕ್ ತರುವಂತಿಲ್ಲ, ನಮ್ಮ ಮಗುವಾಗಲಿ ಅವರ ಮಗುವಾಗಲಿ ದೊಡ್ಡವರ ಕಣ್ಣಳತೆ ಬಿಟ್ಟು ಹೋಗುವಂತಿಲ್ಲ. ಏಳು ವರ್ಷಕ್ಕಿಂತ ಸಣ್ಣವರನ್ನು ಕರೆತರಬೇಡಿ, ಮೊಳೆ, ಸರಳು ಬಿದ್ದಿರುವ ಜಾಗ.

ಶೆಡ್ ಖಾಲಿ ಮಾಡುವ ಕುಟುಂಬಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಕಾಗದದ ಎರಡೆರಡು ಪ್ರತಿ, ಮೇಲೆ ಮಕ್ಕಳ ಎಸ್‌ಎಟಿಎಸ್ ಸಂಖ್ಯೆ. ಟರ್ಪಾಲು ಬೇಕಿದ್ದರೆ ಅವರೇ ಒಯ್ಯಬಹುದು. ಈ ಮೇಗೆ ಹೊಸದಾಗಿ ಬೇಕಾದದ್ದು ಒಂಬತ್ತು ಹಾಳೆ, ಅಡಿಕೆ ದಬ್ಬೆ ನಾಲ್ಕು ಕಟ್ಟು, ಪಂಕ್ಚರ್ ಅಂಗಡಿಗಳಿಂದ ಎಷ್ಟು ಸಿಕ್ಕಿದರೆ ಅಷ್ಟು ಟ್ಯೂಬು.