ಬೋಧಗಯಾ, ಸಾರನಾಥ ಹೊರಡುವವರಿಗೆ ಖರ್ಚಿನ ಬಗ್ಗೆ ಒಂದು ಸಲಹೆ

ಬೌದ್ಧ ಕ್ಷೇತ್ರಗಳಿಗೆ ಹೋಗಿ ಬಂದವರಲ್ಲಿ ಕೆಲವರು "ಜಾಗ ಚೆನ್ನಾಗಿದೆ, ಆದ್ರೆ ಮತ್ತೆ ಹೋಗಲ್ಲ" ಅನ್ನುತ್ತಾರೆ. ಕೆದಕಿ ಕೇಳಿದರೆ ಕಾರಣ ಬಹುತೇಕ ದುಡ್ಡು. ಖರ್ಚು ಜಾಸ್ತಿಯಾಯಿತು ಅನ್ನುವುದಕ್ಕಿಂತ, ಎಷ್ಟಾಗುತ್ತೆ ಅಂತ ಗೊತ್ತಿಲ್ಲದೆ ದಿನವಿಡೀ ಜೇಬು ಮುಟ್ಟಿ ನೋಡಿಕೊಳ್ಳುವ ಆತಂಕ.

ಹಾಗಾಗಿ ಎಲ್ಲವನ್ನೂ ಒಂದೇ ಸಲ ಮುಗಿಸಲು ಹೋಗಬೇಡಿ. ಬೋಧಗಯಾ, ರಾಜಗೀರ್, ನಾಳಂದ ಮೂರೂ ಬಿಹಾರದಲ್ಲೇ ಇವೆ, ಒಂದು ಪ್ರವಾಸಕ್ಕೆ ಸಾಕು. ಸಾರನಾಥ, ಕುಶಿನಗರ, ಲುಂಬಿನಿ ಇನ್ನೊಂದು ವರ್ಷಕ್ಕಿರಲಿ. ಸಾರನಾಥ ವಾರಾಣಸಿಯಿಂದ ಸುಮಾರು 10 ಕಿ.ಮೀ. ಅಷ್ಟೇ, ಅದಕ್ಕೆ ಇಡೀ ದಿನದ ಟ್ಯಾಕ್ಸಿ ಸುಮ್ನೆ ದಂಡ.

ಬೋಧಗಯಾದಲ್ಲಿ ಚಳಿಗಾಲವೇ ಸೀಸನ್. ಟಿಬೆಟ್, ಥಾಯ್ಲೆಂಡ್, ಶ್ರೀಲಂಕಾ ಕಡೆಯ ಭಕ್ತರೆಲ್ಲ ಆಗಲೇ ಬರುವುದರಿಂದ ರೂಮಿನ ಬಾಡಿಗೆ ಏರುತ್ತದೆ. ಅಲ್ಲಿ ಬೇರೆ ಬೇರೆ ದೇಶಗಳ ವಿಹಾರಗಳಿವೆ, ಅಂದರೆ ಬೌದ್ಧ ಮಠಗಳು. ಕೆಲವದರಲ್ಲಿ ಯಾತ್ರಿಕರಿಗೆ ಸರಳ ಕೋಣೆ ಸಿಗುತ್ತದೆ, ಮೊದಲೇ ಫೋನ್ ಮಾಡಿ ಕೇಳಿ. ಬೋಧಗಯಾಕ್ಕೆ ಹೋಗಲು ಇಳಿಯುವ ಗಯಾ ಸ್ಟೇಷನ್‌ನಲ್ಲಿ ಶೇರ್ ಆಟೋನಾ, ಪೂರ್ತಿ ಆಟೋನಾ ಅಂತ ಹತ್ತುವ ಮುಂಚೆಯೇ ಹೇಳಿಬಿಡಿ. ಮಹಾಬೋಧಿ ದೇವಾಲಯಕ್ಕೆ ಪ್ರವೇಶ ಉಚಿತ. ಕಾಣಿಕೆಗೆ ಬೇರೆ ಲಕೋಟೆ ಇಟ್ಟುಕೊಳ್ಳಿ, ಅದು ಖಾಲಿಯಾದರೆ ಕೈಮುಗಿದು ಮುಂದೆ ನಡೆಯಿರಿ. ಸಂಕೋಚ ಯಾಕೆ ಅಲ್ವಾ?

ಲುಂಬಿನಿ ನೇಪಾಳದಲ್ಲಿದೆ. ನಮಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ನಮ್ಮ 100 ರೂಪಾಯಿಗೆ ಅಲ್ಲಿಯ 160. ನೂರರ ನೋಟುಗಳಿದ್ದರೆ ಅನುಕೂಲ.