ಕಾಲು ಗಂಟೆಯ ಅಂತರ: ನಾಲ್ಕು ದೇಶಗಳ ವಿದ್ಯುತ್ತನ್ನು ಒಂದೇ ಹಾಳೆಗೆ ತಂದ ನನ್ನ ಅನುಭವ

ನಾನು ಈ ವೃತ್ತಿಗೆ ಬಂದದ್ದು ದಕ್ಷಿಣ ಭಾರತದ ಗ್ರಿಡ್ ನಿಯಂತ್ರಣ ಕೊಠಡಿಯೊಂದರ ಮೂಲಕ. 2012ರ ಜುಲೈ 30ರ ನಸುಕಿನಲ್ಲಿ ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಮಲಗಿದವು. ನಮ್ಮ ಗೋಡೆಯ ಮೇಲಿನ ಪರದೆಯಲ್ಲಿ ಆವರ್ತನ (ಜಾಲದ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುತ್ತದೆ ಎಂಬ ಅಳತೆ) ಸ್ವಲ್ಪ ತುಯ್ದಾಡಿ ಮತ್ತೆ ತನ್ನ ಜಾಗಕ್ಕೆ ಬಂತು. ದಕ್ಷಿಣ ಉಳಿದದ್ದು ಅದು ಉತ್ತರದೊಂದಿಗೆ ಡಿ.ಸಿ. (ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್) ಕೊಂಡಿಗಳ ಮೂಲಕ ಮಾತ್ರ ಸೇರಿತ್ತು ಎಂಬ ಕಾರಣಕ್ಕೆ. ತಾಲ್ಚೇರ್–ಕೋಲಾರ, ಗಾಜುವಾಕ, ಭದ್ರಾವತಿ (ಶಿವಮೊಗ್ಗ ಜಿಲ್ಲೆಯದಲ್ಲ, ಮಹಾರಾಷ್ಟ್ರದ್ದು) ಆ ಕೊಂಡಿಗಳಲ್ಲಿ ಮುಖ್ಯವಾದವು.

ಡಿ.ಸಿ. ಕೊಂಡಿ ಕೆರೆಯ ತೂಬಿದ್ದಂತೆ. ನಾವು ಎಷ್ಟು ಎತ್ತುತ್ತೇವೋ ಅಷ್ಟೇ ನೀರು ಹೋಗುತ್ತದೆ. ಎ.ಸಿ. (ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ವಿದ್ಯುತ್) ಕೊಂಡಿ ಹಾಕಿದರೆ ಎರಡು ಕೆರೆಗಳ ನಡುವಿನ ಏರಿಯನ್ನೇ ತೆಗೆದಂತೆ. ಆಮೇಲೆ ಮಟ್ಟ ಒಂದೇ, ಪ್ರವಾಹ ಬಂದರೂ ಒಂದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ನಮ್ಮ ಏರಿಯನ್ನೂ ತೆಗೆದರು. ದೇಶವೆಲ್ಲ ಒಂದೇ ಆವರ್ತನಕ್ಕೆ ಬಂತು. ಮುಂದೆ ನೆರೆದೇಶಗಳ ಲೆಕ್ಕ ಮಾಡಲು ಕುಳಿತಾಗ ನಾನು ಪ್ರತಿ ಗಡಿಯಲ್ಲೂ ಮೊದಲು ಕೇಳಿಕೊಂಡದ್ದು ಇದನ್ನೇ. ಇಲ್ಲಿರುವುದು ತೂಬೋ, ತೆಗೆದ ಏರಿಯೋ?

ಭೂತಾನ, ನೇಪಾಳ ಭಾರತದ ಜೊತೆ ಒಂದೇ ಆವರ್ತನದಲ್ಲಿವೆ. ಬಾಂಗ್ಲಾದೇಶಕ್ಕೆ ಪಶ್ಚಿಮ ಬಂಗಾಳದ ಬಹರಾಂಪುರದಿಂದ ಹೋಗುವ ವಿದ್ಯುತ್ ಆ ಕಡೆಯ ಭೇರಾಮಾರಾದಲ್ಲಿ ಡಿ.ಸಿ. ತೂಬನ್ನು ದಾಟಿ ಹೋಗುತ್ತದೆ. 2013ರಲ್ಲಿ 500 ಮೆಗಾವಾಟ್, 2018ರಲ್ಲಿ ಇನ್ನೊಂದು 500. ತ್ರಿಪುರಾದಿಂದ ಕೊಮಿಲ್ಲಾಗೆ ಹೋಗುವ ಮಾರ್ಗದ್ದು ಬೇರೆ ಬಗೆ. ಅಲ್ಲಿ ಬಾಂಗ್ಲಾದೇಶದ ಒಂದು ತುಂಡು ಪ್ರದೇಶವನ್ನು ಅದರ ಮುಖ್ಯ ಜಾಲದಿಂದ ಬಿಡಿಸಿ ಭಾರತದ ಜಾಲಕ್ಕೆ ಜೋಡಿಸಿ ಉಣಿಸಲಾಗುತ್ತದೆ.

ನಿಯಂತ್ರಣ ಕೊಠಡಿ ಬಿಟ್ಟು ನಾನು ದೀರ್ಘಾವಧಿ ಯೋಜನೆಯ ತಂಡವೊಂದಕ್ಕೆ ಸೇರಿದೆ. ನಾಲ್ಕು ದೇಶಗಳ ಬೇಡಿಕೆ, ಉತ್ಪಾದನೆ, ಗಡಿಯ ಮಾರ್ಗಗಳು ಎಲ್ಲವನ್ನೂ ಒಂದೇ ಹಾಳೆಗೆ ತಂದು, ಹಂಚಿಕೊಂಡರೆ ಯಾರಿಗೆ ಯಾವಾಗ ಎಷ್ಟು ಲಾಭ ಎಂದು ತೋರಿಸಬೇಕಿತ್ತು. ಕೇಳಲು ಸರಳ. ಭಾರತದಲ್ಲಿ ದಿನವನ್ನು ಹದಿನೈದು ನಿಮಿಷದ 96 ಬ್ಲಾಕ್‌ಗಳಾಗಿ ಸೀಳಿ ಶೆಡ್ಯೂಲ್ ಮಾಡುತ್ತೇವೆ. ಹಾಗಾಗಿ 96 ಸಾಲು, ನಾಲ್ಕು ಕಾಲಂ ಹಾಕಿ, ಬಂದ ಅಂಕಿಗಳನ್ನು ತುಂಬಿ, ಅಡ್ಡಕ್ಕೆ ಕೂಡಿಸಿದೆ. ಸಂಜೆ ಏಳರ ಬ್ಲಾಕಿನಲ್ಲಿ ನಾಲ್ಕೂ ದೇಶಗಳು ಒಟ್ಟಿಗೆ ಬೇಡಿಕೆಯ ಶಿಖರ ಮುಟ್ಟುತ್ತಿದ್ದವು. ಹಂಚಿಕೊಳ್ಳುವುದರಿಂದ ಸಂಜೆಯ ಹೊತ್ತು ಯಾರಿಗೂ ಅಂಥ ಪ್ರಯೋಜನವಿಲ್ಲ ಎಂದು ಆ ಹಾಳೆ ಹೇಳುತ್ತಿತ್ತು. ನಾನೂ ಹಾಗೆಯೇ ಬರೆದೆ.

ತಪ್ಪು ಸಿಕ್ಕಿದ್ದು ಬೇರೆ ಕೆಲಸದ ನಡುವೆ. ಗಡಿಯ ಮಾರ್ಗವೊಂದು ಟ್ರಿಪ್ ಆದ (ತಾನಾಗಿ ಕಡಿದುಕೊಂಡ) ದಿನದ ದಾಖಲೆಗಳನ್ನು ಹೋಲಿಸುತ್ತಿದ್ದೆ. ನಮ್ಮ ಕಡೆಯ ಮೀಟರಿನಲ್ಲಿ ಅಂಕಿ ಸೊನ್ನೆಗೆ ಬಿದ್ದದ್ದು ಒಂದು ಬ್ಲಾಕಿನಲ್ಲಿ, ನೇಪಾಳದ ಕಡೆಯ ಹಾಳೆಯಲ್ಲಿ ಅದರ ಮುಂದಿನ ಬ್ಲಾಕಿನಲ್ಲಿ. ಒಂದೇ ತಂತಿಯ ಎರಡು ತುದಿಗಳು ಕಾಲು ಗಂಟೆ ಅಂತರದಲ್ಲಿ ಸತ್ತಿರಲು ಸಾಧ್ಯವಿಲ್ಲ. ಮೀಟರ್ ಕೆಟ್ಟಿದೆ ಎಂದುಕೊಂಡು ಆ ಕಡೆಯ ಹಿರಿಯ ಎಂಜಿನಿಯರಿಗೆ ಫೋನ್ ಮಾಡಿದೆ. ಅಲ್ಲಿಯವರಂತೆ ನಾನೂ ಅವರನ್ನು ದಾಯಿ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಭಾಯಿ, ಈಗ ನಿಮ್ಮ ಗೋಡೆ ಗಡಿಯಾರದಲ್ಲಿ ಎಷ್ಟು ಗಂಟೆ?" ಎಂದು ಕೇಳಿದರು.

ನೇಪಾಳದ ಸಮಯ ನಮ್ಮದಕ್ಕಿಂತ ಸರಿಯಾಗಿ 15 ನಿಮಿಷ ಮುಂದೆ. ಭೂತಾನ, ಬಾಂಗ್ಲಾದೇಶಗಳದ್ದು ಅರ್ಧ ಗಂಟೆ ಮುಂದೆ. ಅಂದರೆ ಒಂದು ಬ್ಲಾಕ್, ಎರಡು ಬ್ಲಾಕ್. ಕಠ್ಮಂಡುವಿನಲ್ಲಿ ಸಂಜೆ ಆರಕ್ಕೆ ಶುರುವಾಗುವ 73ನೇ ಬ್ಲಾಕ್ ನಮ್ಮ ಲೆಕ್ಕದಲ್ಲಿ 72. ಥಿಂಪುವಿನ 73 ನಮಗೆ 71. ನಾನು ನಾಲ್ಕು ಗಡಿಯಾರಗಳ ಏಳು ಗಂಟೆಯನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದೆ. ಪೂರ್ವದಲ್ಲಿ ಮೊದಲು ಕತ್ತಲಾಗುತ್ತದೆ, ಅಲ್ಲಿಯ ದೀಪಗಳು ಮೊದಲು ಹೊತ್ತುತ್ತವೆ, ಪಶ್ಚಿಮದವು ಆಮೇಲೆ. ಜಾಲಗಳನ್ನು ಸೇರಿಸುವುದರಿಂದ ಸಿಗುವ ಲಾಭದ ಒಂದು ಪಾಲು ಈ ಹಿಂದುಮುಂದಿನಲ್ಲೇ ಇದೆ. ಅದನ್ನು ನಾನು ನನ್ನ ಕೈಯಾರೆ ಅಳಿಸಿ, ಲಾಭವಿಲ್ಲ ಎಂದು ವರದಿ ಬರೆದಿದ್ದೆ. ಆ ವರದಿಯನ್ನು ಹಿಂದಕ್ಕೆ ತೆಗೆದುಕೊಂಡ ದಿನದಿಂದ ಇಂದಿನವರೆಗೆ ಯಾವ ದೇಶದ ಅಂಕಿ ಬಂದರೂ ಮೊದಲ ಸಾಲಿನಲ್ಲಿ ಯಾವ ಗಡಿಯಾರ ಎಂದು ಬರೆಸಿಕೊಳ್ಳದೆ ಫೈಲ್ ತೆರೆಯುವುದಿಲ್ಲ.

ಗಡಿಯಾರ ಮುಗಿದರೆ ಪಂಚಾಂಗ. ಭಾರತದ ಲೆಕ್ಕದ ವರ್ಷ ಏಪ್ರಿಲ್‌ನಿಂದ, ಬಾಂಗ್ಲಾದೇಶದ್ದು ಜುಲೈನಿಂದ. ನೇಪಾಳದ್ದು ಶ್ರಾವಣದ ಮೊದಲ ದಿನದಿಂದ, ಅಂದರೆ ಜುಲೈ ನಡುವಿನಿಂದ. ನಮ್ಮ ಶ್ರಾವಣ ಚಾಂದ್ರಮಾನ, ಅವರದು ಸೌರಮಾನ. ಅವರ ಆಷಾಢದ ಸರಾಸರಿಯನ್ನು ಜೂನ್ ಎಂದು ಬರೆದುಕೊಂಡರೆ ಮುಂಗಾರಿನ ಅರ್ಧ ತಿಂಗಳನ್ನು ತಪ್ಪು ಜಾಗಕ್ಕೆ ಸುರಿದಂತೆ. ಹಿಮಾಲಯದ ನದಿ ಜೂನ್ ಮೊದಲ ವಾರದಲ್ಲಿರುವಂತೆ ಜುಲೈ ಮೊದಲ ವಾರದಲ್ಲಿ ಇರುವುದಿಲ್ಲ. ನಾನು ತಿಂಗಳ ಅಂಕಿಗಳನ್ನು ಕೈಬಿಟ್ಟು ದಿನದ ಅಂಕಿಗಳನ್ನೇ ಕೇಳಿ ಪಡೆದೆ. ಅದಕ್ಕೆ ಬಹಳ ಕಾಲ ಹಿಡಿಯಿತು. ಪತ್ರ ಬರೆದು, ಮತ್ತೆ ಬರೆದು, ಕೊನೆಗೆ ಹೋಗಿ ಕುಳಿತು ತಂದೆ.

ಆ ದಿನದ ಅಂಕಿಗಳು ತೋರಿಸಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೇಪಾಳ, ಭೂತಾನಗಳ ಹೆಚ್ಚಿನ ಸ್ಥಾವರಗಳಿಗೆ ದೊಡ್ಡ ಜಲಾಶಯವಿಲ್ಲ. ಹರಿದು ಬಂದ ನೀರನ್ನು ಅಂದೇ ತಿರುಗಿಸಬೇಕು. ಮಳೆಗಾಲದಲ್ಲಿ ತುಂಬಿ ತುಳುಕುತ್ತವೆ, ಚಳಿಗಾಲದಲ್ಲಿ ಸ್ಥಾಪಿತ ಸಾಮರ್ಥ್ಯದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತವೆ. ನೇಪಾಳದಲ್ಲಿ ಹೇಳಿಕೊಳ್ಳುವಂಥ ಜಲಾಶಯ ಕುಲೇಖಾನಿಯದು ಮಾತ್ರ. ಅದರ ಮೂರು ಸ್ಥಾವರ ಕೂಡಿಸಿದರೂ 106 ಮೆಗಾವಾಟ್. ಆದರೆ ಮೈ ಕೊರೆಯುವ ಚಳಿಯ ಸಂಜೆಗಳಲ್ಲೂ ಆ ದೇಶಕ್ಕೆ ವಿದ್ಯುತ್ ಬೇಕೇ ಬೇಕು. 2008ರಲ್ಲಿ ಕೋಸಿ ನದಿ ಒಡ್ಡು ಒಡೆದು ಪ್ರಸರಣ ಮಾರ್ಗ ಹಾಳಾದ ಮೇಲಿನ ಚಳಿಗಾಲದಲ್ಲಿ ಅಲ್ಲಿ ದಿನಕ್ಕೆ 16 ಗಂಟೆಯವರೆಗೆ ಲೋಡ್ ಶೆಡ್ಡಿಂಗ್ ನಡೆಯಿತು. 2016ರಲ್ಲಿ ನೇಪಾಳದ ಧಲ್ಕೇಬರ್ ಮತ್ತು ಬಿಹಾರದ ಮುಜಫ್ಫರಪುರದ ನಡುವಿನ ಮಾರ್ಗ ತೆರೆಯಿತು. ಮೊದಲು 132 ಕಿಲೋವೋಲ್ಟ್‌ನಲ್ಲಿ ನಡೆದು, ಮುಂದೆ ತನ್ನ ಪೂರ್ಣ 400ಕ್ಕೆ ಏರಿತು. 2021ರಲ್ಲಿ 456 ಮೆಗಾವಾಟಿನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಸ್ಥಾವರ ಬಂದ ಮೇಲೆ ಮಳೆಗಾಲದಲ್ಲಿ ಹೆಚ್ಚುವರಿ ಶುರುವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ನೇಪಾಳ 39 ಮೆಗಾವಾಟ್‌ನೊಂದಿಗೆ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಾರಾಟಕ್ಕೆ ನಿಂತಿತು. ಅಷ್ಟು ವರ್ಷ ಕತ್ತಲಲ್ಲಿ ಕುಳಿತ ದೇಶವೊಂದು ಮಾರುವವರ ಸಾಲಿಗೆ ಬಂದದ್ದನ್ನು ಕಂಡು ನನಗೆ ನಿಜವಾಗಿ ಸಂತೋಷವಾಯಿತು.

ಬಾಂಗ್ಲಾದೇಶದ್ದು ತಿರುಗುಮುರುಗು. ಬೇಸಿಗೆ, ಮಳೆಗಾಲದ ಸೆಕೆಯಲ್ಲಿ ಫ್ಯಾನು, ಹವಾನಿಯಂತ್ರಕಗಳಿಂದ ಬೇಡಿಕೆ ಮೇಲೇರುತ್ತದೆ, ಡಿಸೆಂಬರ್–ಜನವರಿಯಲ್ಲಿ ಬಹಳ ಕೆಳಗಿಳಿದು ಸ್ಥಾವರಗಳು ಸುಮ್ಮನೆ ನಿಂತಿರುತ್ತವೆ. ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ದೀಪಕ್ಕೆ ಹಿಡಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರುತ್ತದೆ.

ಹಾಗಿದ್ದರೂ ನೆರೆಯವರ ವಿದ್ಯುತ್ತನ್ನು ನಮ್ಮ ಯೋಜನೆಯಲ್ಲಿ ಎಷ್ಟೆಂದು ಬರೆಯುವುದು? ಇಲ್ಲಿ ನಾನು ಸಹೋದ್ಯೋಗಿಗಳೊಂದಿಗೆ ಜಗಳವಾಡಿದ್ದೇನೆ. ಒಪ್ಪಂದದಲ್ಲಿರುವ ಮೆಗಾವಾಟನ್ನು ಹಾಗೆಯೇ ಸಾಮರ್ಥ್ಯದ ಕಾಲಂಗೆ ಇಳಿಸಿಬಿಡುವುದು ರೂಢಿ. ನಾನು ಒಪ್ಪುವುದಿಲ್ಲ. ಬೇಡಿಕೆಗೆ ಪೂರೈಕೆ ಸಾಕಾಗದಂತಾಗುವ, ವರ್ಷದ ಅತಿ ಬಿಗಿಯಾದ ನೂರು ಗಂಟೆಗಳನ್ನು ಹೆಕ್ಕಿ, ಆ ಗಂಟೆಗಳಲ್ಲಿ ಗಡಿಯಾಚೆಯಿಂದ ಖಚಿತವಾಗಿ ಬರುವಷ್ಟನ್ನು ಮಾತ್ರ ಸಾಮರ್ಥ್ಯ ಎಂದು ಬರೆಯುತ್ತೇನೆ. ಉಳಿದದ್ದು ಯೂನಿಟ್ ಲೆಕ್ಕಕ್ಕೆ. ಅದು ಕಲ್ಲಿದ್ದಲು ಉಳಿಸುತ್ತದೆ, ಹಣ ಉಳಿಸುತ್ತದೆ, ಆದರೆ ಕತ್ತಲೆ ತಡೆಯುತ್ತದೆ ಎಂದು ಭಾಷೆ ಕೊಡಲಾರದು. ಇದರ ಪಕ್ಕದಲ್ಲಿ ಒಪ್ಪಿಗೆಯ ಕಾಲಂ ಒಂದಿದೆ. ಭಾರತದ 2018ರ ಮಾರ್ಗಸೂಚಿ, 2019ರ ನಿಯಮಗಳ ಮೇರೆಗೆ ಗಡಿ ದಾಟುವ ವ್ಯಾಪಾರಕ್ಕೆ ಅನುಮತಿ ಬೇಕು. ಅನುಮತಿ ಇಲ್ಲದ ಸ್ಥಾವರದ ನೀರು ಎಷ್ಟೇ ಹರಿದರೂ ನನ್ನ ಮೊತ್ತಕ್ಕೆ ಸೇರುವುದಿಲ್ಲ.

ಇನ್ನೊಂದು ಎಚ್ಚರ 2014ರ ನವೆಂಬರ್ 1ರಿಂದ ಬಂದದ್ದು. ಅಂದು ಭೇರಾಮಾರಾದ ಡಿ.ಸಿ. ಕೊಂಡಿ ಟ್ರಿಪ್ ಆಯಿತು. ಆ ಹೊತ್ತಿನ ಪೂರೈಕೆಯ ಸುಮಾರು ಹತ್ತನೇ ಒಂದು ಭಾಗ ಅದೊಂದರಲ್ಲೇ ಬರುತ್ತಿತ್ತು. ಆವರ್ತನ ಕುಸಿದು ಬಾಂಗ್ಲಾದೇಶವಿಡೀ ಕತ್ತಲಾಯಿತು. ತೂಬು ಪ್ರವಾಹವನ್ನು ತಡೆಯಬಲ್ಲದು, ಆದರೆ ತೂಬೇ ಮುಚ್ಚಿಹೋದರೆ? ಅಂದಿನಿಂದ ನನ್ನ ಲೆಕ್ಕದಲ್ಲಿ ಯಾವುದೇ ಒಂದು ಕೊಂಡಿಯಲ್ಲಿ ಬರುವ ವಿದ್ಯುತ್ ಆ ದೇಶದ ನಡುರಾತ್ರಿಯ ಅತಿ ಕಡಿಮೆ ಬೇಡಿಕೆಗೆ ಹೋಲಿಸಿದರೂ ತಾಳುವಷ್ಟಿರಬೇಕು. ಸಂಜೆಯ ಶಿಖರಕ್ಕೆ ಹೋಲಿಸಿ ಸಮಾಧಾನಪಡುವುದು ಅಪಾಯ.

2024ರ ಅಕ್ಟೋಬರ್ 3ರಂದು ನೇಪಾಳ, ಭಾರತ, ಬಾಂಗ್ಲಾದೇಶ ಮೂರೂ ಸಹಿ ಹಾಕಿದವು. ಜೂನ್ 15ರಿಂದ ನವೆಂಬರ್ 15ರವರೆಗೆ 40 ಮೆಗಾವಾಟ್, ಯೂನಿಟ್‌ಗೆ 6.40 ಅಮೆರಿಕನ್ ಸೆಂಟ್, ಅಳತೆ ಮುಜಫ್ಫರಪುರದಲ್ಲಿ. ನೇಪಾಳದ ನೀರಿನ ವಿದ್ಯುತ್ ಢಾಕಾದ ದೀಪ ಹೊತ್ತಿಸುತ್ತದೆ ಎಂದು ಪತ್ರಿಕೆಗಳು ಬರೆದವು. ತಂತಿಯಲ್ಲಿ ಹಾಗೆ ಆಗುವುದಿಲ್ಲ. ನೇಪಾಳ ಮುಜಫ್ಫರಪುರದಲ್ಲಿ 40 ಸುರಿಯುತ್ತದೆ, ಭಾರತ ಬಹರಾಂಪುರದ ಕಡೆ ಅಷ್ಟನ್ನು ಬಿಟ್ಟುಕೊಡುತ್ತದೆ, ನಡುವಿನ ನಷ್ಟಕ್ಕೆ ಲೆಕ್ಕ ಬೇರೆ. ನವೆಂಬರ್ 15ರಂದು, ಅಂದರೆ ಆ ವರ್ಷದ ಅವಧಿ ಮುಗಿಯುವ ದಿನವೇ, ಮೊದಲ ಬಾರಿಗೆ ಹರಿಯಿತು. ದಾಯಿ ಫೋನ್ ಮಾಡಿ ಒಂದೇ ಮಾತು ಹೇಳಿದರು: "ಬ್ಲಾಕ್ ಸರಿಯಾಗಿ ಹಾಕಿಕೊಳ್ಳಿ."

ಆ ಒಪ್ಪಂದ ಒಂದೇ ದಿಕ್ಕಿನದು. ನನ್ನ ಹಾಳೆಯಲ್ಲಿ ಜನವರಿಯ ಸಂಜೆಗಳಿಗೆ ಢಾಕಾದಿಂದ ಕಠ್ಮಂಡುವಿನ ಕಡೆಗೆ ಎಂಬ ಕಾಲಂ ಒಂದನ್ನು ತೆರೆದಿದ್ದೇನೆ. ಭೇರಾಮಾರಾದ ಕೊಂಡಿಯನ್ನು ಹಿಂದುಮುಂದಾಗಿ ನಡೆಸಿದರೆ ಬಹರಾಂಪುರದ ಕಡೆಯ ಮಾರ್ಗಗಳು ಎಷ್ಟು ತಾಳುತ್ತವೆ ಎಂದು ಈ ವಾರ ಬ್ಲಾಕ್ ಬ್ಲಾಕ್ ಆಗಿ ನೋಡುತ್ತಿದ್ದೇನೆ. 68ರಿಂದ 80ರವರೆಗಿನದು ಮುಗಿದಿದೆ.