128ರ ಶ್ರುತಿಕವೆ

ಗುಳೇದಗುಡ್ಡದಲ್ಲಿ ನನ್ನದು ಮೊದಲು ರೇಡಿಯೋ, ಟಿವಿ ರಿಪೇರಿ ಅಂಗಡಿ. ಗಿರಾಕಿ ಕಡಿಮೆಯಾದ ಮೇಲೆ ಅಕ್ಯುಪ್ರೆಶರ್ ಕಲಿತೆ. ಅಂಗಡಿಯ ಅರ್ಧಕ್ಕೆ ಪರದೆ ಕಟ್ಟಿ ಒಂದು ಮಂಚ ಹಾಕಿದೆ. ಪರದೆಯ ಈ ಕಡೆ ಬೆಸುಗೆಯ ಹೊಗೆ, ಆ ಕಡೆ ನೋವಿನ ಎಣ್ಣೆಯ ವಾಸನೆ. ನಮ್ಮೂರಿನಲ್ಲಿ ನೋವಿಗೇನು ಬರ ಇಲ್ಲ. ಖಣ ನೇಯುವವರು ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯುತ್ತಾರೆ. ಸಂಜೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವುದೇ ಒಂದು ಕೆಲಸ.

ನಾನು ಕೊಂಡ ಮೊದಲ ಮಷಿನ್ನು ಟೆನ್ಸ್, ಅಂದರೆ ನೋವು ತಗ್ಗಿಸಲು ಚರ್ಮದ ಮೇಲಿಂದ ನರಕ್ಕೆ ಸಣ್ಣ ಕರೆಂಟು ಕೊಡುವ ಯಂತ್ರ. 9 ವೋಲ್ಟಿನ ಬ್ಯಾಟರಿ, ಎರಡು ವೈರು, ನಾಲ್ಕು ಕರಿ ರಬ್ಬರ್ ಪ್ಯಾಡು. ಪ್ಯಾಡಿಗೆ ಜೆಲ್ ಸವರಿ ನೋವಿನ ಅಕ್ಕಪಕ್ಕ ಅಂಟಿಸಿ ನಾಬ್ ತಿರುಗಿಸಿದರೆ ಇರುವೆ ಹರಿದ ಹಾಗೆ ಜುಮು ಜುಮು ಅನ್ನುತ್ತದೆ. ಮೊಣಕೈ ಬಡಿದರೆ ಆ ಜಾಗ ಉಜ್ಜಿಕೊಳ್ಳುತ್ತೇವೆ ಅಲ್ವಾ, ಅದೇ ಲೆಕ್ಕ. ಉಜ್ಜಿದ ಸುದ್ದಿ ಬೆನ್ನುಹುರಿಗೆ ಹೋಗಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ‘ಗೇಟ್’ ಅಂತ ಹೆಸರಿಟ್ಟರು. ಸೆಕೆಂಡಿಗೆ 100ರ ಆಸುಪಾಸು ಮಿಡಿತ ಇಟ್ಟು 20 ನಿಮಿಷ ಬಿಟ್ಟರೆ ನನ್ನ ಗಿರಾಕಿಗಳಲ್ಲಿ ಹಲವರು ಹಗುರಾಗಿ ಎದ್ದು ಹೋಗುತ್ತಿದ್ದರು. ಮಾರನೆಯ ದಿನ ಅದೇ ನೋವು ಹೊತ್ತು ಮತ್ತೆ ಬರುತ್ತಿದ್ದರು. ಸವೆದ ಕೀಲು ಅದರಿಂದ ಬೆಳೆಯುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ವರ್ಷ ಹಿಡಿಯಿತು. ಹೇಳಿದರೆ ಗಿರಾಕಿ ಹೋಗುತ್ತಾರಲ್ಲ!

ಆಮೇಲೆ ಒಬ್ಬ ಏಜೆಂಟು ಬಂದ. ಸೂಟ್‌ಕೇಸಿನಂಥ ಪೆಟ್ಟಿಗೆ, ಜೊತೆಗೆ ಒಂದು ಪಟ್ಟಿ. ಸಕ್ಕರೆ ಕಾಯಿಲೆಗೆ ಒಂದು ಫ್ರೀಕ್ವೆನ್ಸಿ, ಥೈರಾಯ್ಡಿಗೆ ಒಂದು, ಗಡ್ಡೆಗೆ ಇನ್ನೊಂದು. ‘ಒಳಗೆ ಕೈ ಹಾಕಬೇಡಿ, ಗ್ಯಾರಂಟಿ ಹೋಗುತ್ತೆ’ ಅಂದ. ರೇಡಿಯೋ ರಿಪೇರಿಯವನಿಗೆ ಆ ಮಾತು ಹೇಳಬಾರದು. ಹಣ ಕೊಟ್ಟ ರಾತ್ರಿಯೇ ಸ್ಕ್ರೂ ಬಿಚ್ಚಿದೆ. ಒಳಗಿದ್ದದ್ದು 555 ಅನ್ನುವ ಎಂಟು ಕಾಲಿನ ಐಸಿ, ಒಂದು ಸಣ್ಣ ಟ್ರಾನ್ಸ್‌ಫಾರ್ಮರು, ಒಂದಷ್ಟು ರೆಸಿಸ್ಟರು. ಮಕ್ಕಳ ಪ್ರಾಜೆಕ್ಟಿಗೆ ದೀಪ ಮಿನುಗಿಸಲು ನಾನೇ ಎಷ್ಟೋ ಸಲ ಹಾಕಿಕೊಟ್ಟ ಐಸಿ ಅದು. ಉಳಿದ ಜಾಗಕ್ಕೆ ಥರ್ಮೋಕೋಲ್ ತುಂಬಿದ್ದರು, ಸುಮ್ನೆ ದೊಡ್ಡದಾಗಿ ಕಾಣಲಿ ಅಂತ.

ಇದು ಹೊಸ ಆಟವೂ ಅಲ್ಲ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಆಲ್ಬರ್ಟ್ ಏಬ್ರಮ್ಸ್ ಎಂಬ ಡಾಕ್ಟರು ಇಂಥ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಬಿಚ್ಚಬಾರದು ಅನ್ನುವುದೇ ಅವನ ಕರಾರು. ಸೈಂಟಿಫಿಕ್ ಅಮೆರಿಕನ್ ಪತ್ರಿಕೆ 1924ರಲ್ಲಿ ಅವನ ವಿಧಾನ ಪರೀಕ್ಷೆ ಮಾಡಿಸಿ, ಇದರಲ್ಲಿ ಹುರುಳಿಲ್ಲ ಎಂದು ಬರೆಯಿತು. ನನ್ನ ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಬೇರೆ ಕಡೆ ಬಳಸಿಕೊಂಡೆ.

ಅದೇ ಏಜೆಂಟು ಪುಕ್ಕಟೆ ಅಂತ ಒಂದು ಶ್ರುತಿಕವೆ ಕೊಟ್ಟಿದ್ದ, ಬಡಿದರೆ ಅದುರುವ ಎರಡು ಕವಲಿನ ಲೋಹದ ಕಡ್ಡಿ, ಟ್ಯೂನಿಂಗ್ ಫೋರ್ಕ್ ಅಂತಾರಲ್ಲ ಅದು. ಸೆಕೆಂಡಿಗೆ 128 ಸಲ ಅದುರುವುದು. ಮೂಳೆಗೆ ಹಚ್ಚಿದರೆ ದೇಹದ ಶ್ರುತಿ ಸರಿಯಾಗುತ್ತದಂತೆ. ನಾನು ಮೇಜಿನ ಖಾನೆಯಲ್ಲಿ ಎಸೆದಿದ್ದೆ.

ಹೀಗಿರುವಾಗ ಒಬ್ಬ ನೇಕಾರ ಕಾಕಾ ಅಂಗಾಲು ಉರಿ ಅಂತ ಬಂದರು. ಅಂಗಾಲಿಗೇ ಪ್ಯಾಡು ಅಂಟಿಸಿದೆ. ‘ಏನೂ ಗೊತ್ತಾಗವಲ್ದರಿ, ಇನ್ನಷ್ಟು ಏರಸ್ರಿ’ ಅಂದರು. ಏರಿಸಿದೆ. ಮತ್ತೆ ಏರಿಸಿದೆ. ಪರದೆಯಾಚೆ ಒಂದು ಮಿಕ್ಸರ್ ಬಿಚ್ಚಿಟ್ಟಿದ್ದೆ, ಅದರ ಕಡೆ ಹೋದೆ. ತಿರುಗಿ ಬಂದು ಪ್ಯಾಡು ಕಿತ್ತರೆ ಅಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಎರಡು ಬೊಬ್ಬೆ. ಜೆಲ್ ಅಲ್ಲಲ್ಲಿ ಒಣಗಿತ್ತು. ಕರೆಂಟೆಲ್ಲ ಹಸಿ ಉಳಿದ ಚೂರು ಜಾಗದಲ್ಲೇ ನುಗ್ಗಿತ್ತು. ಕಾಕಾಗೆ ಗೊತ್ತೇ ಆಗಿರಲಿಲ್ಲ. ‘ಏನಾತ್ರಿ?’ ಅಂತ ನನ್ನನ್ನೇ ಕೇಳಿದರು.

ಅವರನ್ನು ಕರೆದುಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಬೊಬ್ಬೆಗೆ ಮುಲಾಮು ಹಚ್ಚಿ, ಖಾನೆಯಿಂದ ಒಂದು ಶ್ರುತಿಕವೆ ತೆಗೆದರು. ಥೇಟ್ ನನ್ನಂಥದ್ದೇ! ಅಂಗೈಗೆ ಬಡಿದು, ಅದರ ಬುಡವನ್ನು ಕಾಕಾರ ಕಾಲಿನ ಹೆಬ್ಬೆರಳ ಮೂಳೆಗೆ ಇಟ್ಟು, ‘ಕಣ್ಣು ಮುಚ್ಚಿ, ಅದುರೋದು ಗೊತ್ತಾಗತೈತೇನು?’ ಅಂದರು. ಇಲ್ಲ. ಗೆಣ್ಣಿಗೆ ಇಟ್ಟರು. ಇಲ್ಲ. ಮೊಣಕಾಲಿಗೆ ಬಂದಾಗ ‘ಹಾಂ, ಈಗ ಬಂತರಿ’. ಸಕ್ಕರೆ ಕಾಯಿಲೆ ಉದ್ದನೆಯ ನರಗಳನ್ನೇ ಮೊದಲು ಹಿಡಿಯುತ್ತದೆ, ಅದಕ್ಕೇ ಪಾದದಿಂದ ಶುರು ಅಂತ ಡಾಕ್ಟರು ಹೇಳಿದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸಿಕ್ಕಿತು. ಅಂಗಾಲಿನ ಉರಿ ಅದರದ್ದೇ.

ಈಗ ನನ್ನ ಮಂಚಕ್ಕೆ ಯಾರೇ ಬರಲಿ, ಮಷಿನ್ನಿಗಿಂತ ಮೊದಲು ಶ್ರುತಿಕವೆ. ಅದುರು ನಿಂತಿತು ಅಂತ ಅವರು ಹೇಳಿದ ಕೂಡಲೇ ನನ್ನ ಹೆಬ್ಬೆರಳಿಗೆ ಇಟ್ಟುಕೊಂಡು ಎಣಿಸುತ್ತೇನೆ. ನನಗೆ ಜಾಸ್ತಿ ಹೊತ್ತು ಗೊತ್ತಾದರೆ ಪ್ಯಾಡು ಅಂಟಿಸುವುದಿಲ್ಲ, ಡಾಕ್ಟರ ಕಡೆ ಕಳಿಸುತ್ತೇನೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ, ಬಸುರಿಯರಿಗೆ, ಮೂರ್ಛೆರೋಗ ಇರುವವರಿಗೆ ಮಷಿನ್ನೇ ಇಲ್ಲ. ಕತ್ತಿನ ಮುಂಭಾಗಕ್ಕಂತೂ ಯಾರಿಗೂ ಹಚ್ಚುವುದಿಲ್ಲ.

ಹೋದ ತಿಂಗಳು ಒಂದು ಸಂಜೆ ಗಿರಾಕಿ ಇರಲಿಲ್ಲ. ಚಹಾ ತಂದ ನನ್ನ ಹೆಂಡತಿ ‘ನನ್ನ ಕಾಲೂ ನೋಡ್ರಲ್ಲ’ ಅಂದಳು. ಅವಳ ಬೆರಳಿಗೆ ಇಟ್ಟೆ. ‘ಐತಿ... ಐತಿ... ಇನ್ನೂ ಐತಿ’ ಅನ್ನುತ್ತಲೇ ಇದ್ದಳು. ‘ನಿಂತಿತು’ ಅಂದ ಮೇಲೆ ನನ್ನ ಬೆರಳಿಗೆ ಇಟ್ಟುಕೊಂಡೆ. ಏನೂ ಇಲ್ಲ. ಈ ಸಲ ಉಲ್ಟಾ ಮಾಡಿದೆವು. ನನಗೆ ನಿಂತ ಮೇಲೂ ಅವಳು ಏಳರವರೆಗೆ ಎಣಿಸಿದಳು. ವಯಸ್ಸಾಗಿದೆ, ಅದಕ್ಕೇ ಅಂದೆ. ಅವಳು ಕೇಳಲಿಲ್ಲ.

ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದೆ. ಸಕ್ಕರೆ 118 ಬಂತು. ಅಂಚಿನಲ್ಲಿದ್ದೀರಿ ಅಂದರು ಡಾಕ್ಟರು. ಅಂದಿನಿಂದ ನನ್ನ ಚಹಾಕ್ಕೆ ಸಕ್ಕರೆ ಇಲ್ಲ.